ಎ ತಂಡ, ಬಿ ತಂಡ ಮತ್ತು ಬೇವಿನ ಗಿಡದ ಬುಡದವರು

ಫುಟ್‌ಬಾಲ್ ಕ್ಲಬ್ಬಿಗೆ ಮಕ್ಕಳನ್ನು ಆರಿಸುವ ದಿನ ನಾನು ಬಾಯಿ ಮುಚ್ಚಿಕೊಂಡು ಮನೆಗೆ ಹೋದದ್ದೇ ಇಲ್ಲ. ಒಂದೋ ನಕ್ಕು ನಕ್ಕು ತೆರೆದಿರುತ್ತದೆ, ಇಲ್ಲಾ ಬೆರಗಿಗೆ ತೆರೆದಿರುತ್ತದೆ. ಬಹಳ ಸಲ ಎರಡಕ್ಕೂ. ನಮ್ಮ ಮನೆಯವರು ಬಾಗಿಲಲ್ಲೇ ಕೇಳುತ್ತಾರೆ, "ಇವತ್ತೇನಾತು?" ಏನೂ ಆಗಲಿಲ್ಲ ಎನ್ನುವ ಭಾಗ್ಯ ನನಗಿನ್ನೂ ಬಂದಿಲ್ಲ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ಮಕ್ಕಳ ಬಾಯಲ್ಲಿ ಪಿ.ಟಿ. ಅಕ್ಕೋರು. ಸಂಜೆ ಮತ್ತು ಭಾನುವಾರ ಅದೇ ಮೈದಾನದಲ್ಲಿ ನಮ್ಮ ಕ್ಲಬ್ಬು ನಡೆಯುತ್ತದೆ. ಅದನ್ನು ಕಟ್ಟಿದವರು ನಾನಲ್ಲ. ಸೈನ್ಯದಿಂದ ನಿವೃತ್ತರಾಗಿ ಬಂದ ಒಬ್ಬ ಸುಭೇದಾರರು. ತಮ್ಮ ಪಲ್ಟನ್ನಿನ ಪರವಾಗಿ ಚೆಂಡು ಒದ್ದವರು. ಬಿಳಿ ಮೀಸೆ, ಕೊರಳಲ್ಲಿ ಸೀಟಿ, ದನಿ ಎತ್ತಿದರೆ ಬಸ್ ಸ್ಟ್ಯಾಂಡಿನ ಪಾರಿವಾಳ ಏಳಬೇಕು. ಕುಸ್ತಿ, ಕಬಡ್ಡಿ, ಕ್ರಿಕೆಟ್ಟು ಬಿಟ್ಟರೆ ಬೇರೆ ಆಟವೇ ಇಲ್ಲ ಎಂದುಕೊಂಡಿದ್ದ ನಮ್ಮ ಕಡೆಯ ಜನರ ನಡುವೆ ಒಂದು ಚೆಂಡು ಹಿಡಿದುಕೊಂಡು ನಿಂತರು. ಸವದತ್ತಿ, ಮುರಗೋಡ, ಕಿತ್ತೂರು, ರಾಮದುರ್ಗದಿಂದೆಲ್ಲ ಮಕ್ಕಳು ಬಸ್ಸು ಹತ್ತಿ ಬರತೊಡಗಿದರು.

ಮಳೆಗಾಲದ ಮೊದಲಿಗೆ ಆಯ್ಕೆ. ಹುಟ್ಟಿದ ವರ್ಷದ ಪ್ರಕಾರ ಗುಂಪು ಮಾಡುತ್ತೇವೆ: ಹನ್ನೆರಡರ ಒಳಗಿನವರು, ಹದಿನಾಲ್ಕರ ಒಳಗಿನವರು, ಹೀಗೆ. ಮೊದಲ ಭಾನುವಾರ ಕಸರತ್ತು, ಅಂದರೆ ಚೆಂಡು ಓಡಿಸುವುದು, ಪಾಸು ಕೊಡುವುದು, ಗೋಲಿಗೆ ಒದೆಯುವುದು. ಮುಂದಿನ ಭಾನುವಾರ ಸಣ್ಣ ಸಣ್ಣ ತಂಡ ಮಾಡಿ ಆಡಿಸುವುದು. ನಾನು, ಸುಭೇದಾರರು, ಜೊತೆಗೆ ಹೊರಗಿನಿಂದ ಕರೆಸಿದ ಒಬ್ಬ ಹಳೆಯ ಆಟಗಾರರು, ಮೂವರೂ ದೂರ ದೂರ ಕೂತು ಅಂಕ ಹಾಕುತ್ತೇವೆ. ಅಂಕ ಕೂಡಿಸಿದ ಮೇಲೆ ಎ ತಂಡ, ಬಿ ತಂಡ. ಪಾಲಕರು ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ಕೂತಿರಬೇಕು, ಬಾಯಿ ಹಾಕಬಾರದು. ನಿಯಮ ಇಷ್ಟೇ. ಉಳಿದದ್ದೆಲ್ಲ ಜನ.

ಕಿತ್ತೂರಿನ ಕಡೆಯವರು

ಹೆಸರು ಬರೆದುಕೊಳ್ಳುವಾಗ ಸುಭೇದಾರರು ಪ್ರತಿ ಮಗುವಿಗೂ ಒಂದು ಪ್ರಶ್ನೆ ಕೇಳುತ್ತಾರೆ: "ಯಾವ ಜಾಗಾದಾಗ ಆಡ್ತಿ?"

ಒಂದು ವರ್ಷ ಕಿತ್ತೂರಿನಿಂದ ಟಂಟಂ ಗಾಡಿ ತುಂಬ ಹುಡುಗಿಯರು ಬಂದಿಳಿದರು. ಮೊದಲನೆಯವಳು, "ಮುಂದ" ಅಂದಳು. ಎರಡನೆಯವಳು, "ಮುಂದ್ರಿ." ಮೂರನೆಯವಳು, "ನಾ ಆಕಿಗಿಂತಾ ಮುಂದ್ರಿ." ಟಂಟಂ ಖಾಲಿಯಾಗುವ ತನಕ ಇದೇ ಉತ್ತರ.

ಸುಭೇದಾರರು ಪೆನ್ನು ಕೆಳಗಿಟ್ಟರು. "ಎಲ್ಲಾರೂ ಮುಂದ ನಿಂತ್ರ ಹಿಂದ ನಿಂದ್ರಾವ್ರು ಯಾರ ತಂಗಿ?"

"ನಮ್ದು ರಾಣಿ ಊರ್ರಿ ಸರ್. ನಮ್ಮೂರಾಗ ಯಾರೂ ಹಿಂದ ನಿಂದ್ರೂದಿಲ್ರಿ."

ಸುಭೇದಾರರು ಮೀಸೆ ಸವರಿಕೊಂಡರು. ಆಮೇಲೆ ಗೋಲಿನ ಕಂಬ ತೋರಿಸಿ, "ಹಂಗಾರ ಇದನ್ನ ಕಿತ್ತೂರ ಕೋಟಿ ಅಂತ ತಿಳಕೋರಿ. ವೈರಿ ಬರಾಕತ್ತಾನ. ಕೋಟಿ ಕಾಯಾವ್ರು ಯಾರು?" ಅಂದರು.

ಸೀಟಿ ಊದುವುದಕ್ಕೂ ಬಿಡಲಿಲ್ಲ. ಎಲ್ಲ ಹುಡುಗಿಯರೂ ಓಡಿಹೋಗಿ ಗೋಲಿನ ಬಾಯಲ್ಲಿ ನಿಂತರು. ಕೈಗೆ ಕೈ ಹೆಣೆದು ಈ ಕಂಬದಿಂದ ಆ ಕಂಬದ ತನಕ ಒಂದು ಗೋಡೆ. ಎದುರಿಗೆ ಸವದತ್ತಿಯ ಹುಡುಗರು. ಒದ್ದದ್ದು ಗೋಡೆಗೆ ಬಡಿದು ವಾಪಸ್ಸು. ಮತ್ತೆ ಒದ್ದರು, ಮತ್ತೆ ವಾಪಸ್ಸು. ಒಬ್ಬಳ ಹಣೆಗೆ ಬಡಿಯಿತು. ಅವಳು ಕಣ್ಣು ಮಿಟುಕಿಸಲಿಲ್ಲ. ನಾನು ಬರೆಯುವುದನ್ನು ಮರೆತು ನೋಡುತ್ತಿದ್ದೆ. ಇಷ್ಟು ವರ್ಷ ಮಕ್ಕಳಿಗೆ ಆಟ ಕಲಿಸಿದ್ದೇನೆ, ಚೆಂಡು ಮುಖಕ್ಕೆ ಬರುವಾಗ ಕಣ್ಣು ತೆರೆದುಕೊಂಡಿರಿ ಅಂತ ಹೇಳಿ ಹೇಳಿ ಸಾಕಾಗಿದೆ. ಇವರಿಗೆ ಯಾರೂ ಹೇಳಿರಲಿಲ್ಲ.

ಆದರೆ ಆಟ ಅಲ್ಲಿಗೇ ನಿಂತುಹೋಯಿತು. ಆ ಕಡೆಯ ಗೋಲು ಬಟ್ಟಬಯಲಾಗಿ ಕಾಯುತ್ತಿತ್ತು, ಅತ್ತ ಹೋಗುವವರೇ ಇಲ್ಲ. ಸುಭೇದಾರರು ಬೇಡಿಕೊಂಡರು: "ಯವ್ವಾ, ಯಾರಾರ ಒಬ್ರು ಮುಂದ ಹೋಗಿ ಒಂದ ಗೋಲು ಹೊಡೀರಿ."

"ಆಗೂದಿಲ್ರಿ ಸರ್," ಅಂದಳು ಹಣೆ ಕೆಂಪಾದವಳು. "ನಾವು ಆ ಕಡೆ ಹೋದ ಮ್ಯಾಲ ನಮ್ಮಾವ್ರಽ ಯಾರಾರ ಒಳಗಿಂದ ಬಾಗಲಾ ತಗದ್ರ?"

ಅರಿಸಿಣ ಹಚ್ಚಿದ ಮೊಣಕಾಲು

ಮುರಗೋಡದ ಕಡೆಯಿಂದ ಬಂದ ಅವಳಿ ಹುಡುಗರು ಇವರು. ಅವರ ಅವ್ವನಿಗೂ ಒಮ್ಮೊಮ್ಮೆ ಗೊತ್ತಾಗುವುದಿಲ್ಲವಂತೆ ಯಾವನು ಯಾವನೆಂದು. ಒಬ್ಬನಿಗೆ ಏಳನೇ ನಂಬರಿನ ಮೇಲಂಗಿ, ಇನ್ನೊಬ್ಬನಿಗೆ ಎಂಟನೆಯದು. ನಂಬರ್ ಕರೆದಾಗ ಒಬ್ಬೊಬ್ಬರೇ ಬರಬೇಕು.

ಮೊದಲು ಚೆಂಡು ಓಡಿಸುವ ಕಸರತ್ತು. ಏಳನೆಯವನು ಬಂದ. ಸಾಲಾಗಿ ಇಟ್ಟ ಡಬ್ಬಿಗಳ ನಡುವೆ ಚೆಂಡು ಅವನ ಕಾಲಿಗೆ ಬೆಲ್ಲದ ಪಾಕ ಅಂಟಿದ ಹಾಗೆ ಅಂಟಿಕೊಂಡು ಹೋಯಿತು. ನಾನು ಪೂರ್ತಿ ಅಂಕ ಕೊಟ್ಟೆ. ಎಂಟನೆಯವನು ಬಂದ. ಅವನೂ ಹಾಗೆಯೇ. ಅವಳಿ ಮಕ್ಕಳಲ್ಲವೇ, ರಕ್ತ ಒಂದೇ ಅಂದುಕೊಂಡು ಅವನಿಗೂ ಪೂರ್ತಿ ಅಂಕ. ಆಮೇಲೆ ಗೋಲಿಗೆ ಒದೆಯುವುದು. ಏಳನೆಯವನು ಒದ್ದರೆ ಬಲೆ ಹರಿಯಬೇಕು. ಎಂಟನೆಯವನು ಒದ್ದ, ಅದೇ ಏಟು, ಅದೇ ಮೂಲೆ.

ನನಗೆ ಮೈ ಜುಮ್ಮೆಂದಿತು. ಇಂಥ ಆಟಗಾರ ಒಬ್ಬ ಸಿಗುವುದೇ ಕಷ್ಟ, ನಮಗೆ ಜೋಡಿ ಸಿಕ್ಕಿದೆ! ಸುಭೇದಾರರ ಕಡೆ ನೋಡಿದೆ. ಅವರು ಹಣೆ ಗಂಟಿಕ್ಕಿ ಕೂತಿದ್ದರು.

"ಅಕ್ಕೋರ, ಚೆಂಡು ಓಡಸೂ ಮುಂದ ಏಳನೇ ನಂಬರಿನಾವನ ಮೊಣಕಾಲಿಗೆ ಅರಿಸಿಣ ಹಚ್ಚಿತ್ತಲ್ಲ?"

"ಹೌದ್ರಿ, ಬಿದ್ದಿರಬೇಕು."

"ಎಂಟನೇದಾವಗೂ ಹಚ್ಚಿತ್ತು."

"ಅಂವನೂ ಬಿದ್ದಿರಬೇಕ್ರಿ."

"ಬಿದ್ದಿದ್ದ ಇಬ್ಬರೂ ಗೋಲಿಗೆ ಒದಿಯೂದ್ರಾಗ ಹೆಂಗ ಆರಾಮಾದ್ರು? ಒಬ್ಬನ ಕಾಲಿಗೂ ಅರಿಸಿಣ ಇಲ್ಲ!"

ನೀರಿನ ಟಾಕಿಯ ಹಿಂದೆ ಹೋಗಿ ನೋಡಿದರೆ ಅಲ್ಲಿ ಒಬ್ಬ ಬರಿಮೈಯಲ್ಲಿ ಕೂತು ಕಡಲೆ ತಿನ್ನುತ್ತಿದ್ದ. ಮೊಣಕಾಲಿಗೆ ದಪ್ಪಗೆ ಅರಿಸಿಣ. ವಿಷಯ ಏನೆಂದರೆ, ಚೆಂಡು ಓಡಿಸುವುದರಲ್ಲಿ ಗಟ್ಟಿಗನಾದವನು ಎರಡು ನಂಬರೂ ಹಾಕಿಕೊಂಡು ಎರಡು ಸಲ ಓಡಿಸಿದ್ದ. ಒದೆಯುವುದರಲ್ಲಿ ಗಟ್ಟಿಗನಾದವನು ಎರಡು ನಂಬರೂ ಹಾಕಿಕೊಂಡು ಎರಡು ಸಲ ಒದ್ದಿದ್ದ. ಮೇಲಂಗಿ ಬದಲಾಗುತ್ತಿದ್ದದ್ದು ಟಾಕಿಯ ಹಿಂದೆ.

ಸುಭೇದಾರರು ಸಿಟ್ಟು ಮಾಡಲು ನೋಡಿದರು. "ಈ ವಿಚಾರ ಯಾರಿಗಿ ಹೊಳೀತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಬ್ರಿಗೂ ಅರ್ಧ ಅರ್ಧ ಹೊಳೀತ್ರಿ ಸರ್."

ಕಳಿಸಿಬಿಡಬೇಕೆಂದೇ ಸುಭೇದಾರರು ಎದ್ದಿದ್ದರು. ಆದರೂ ಮುಂದಿನ ಭಾನುವಾರ ಒಂದು ಅವಕಾಶ ಕೊಟ್ಟು ಇಬ್ಬರನ್ನೂ ಒಂದೇ ತಂಡದಲ್ಲಿ ಆಡಿಸಿದೆವು. ನೋಡಬೇಕಿತ್ತು! ಒಬ್ಬ ನಾಲ್ಕು ಜನರ ನಡುವಿನಿಂದ ಚೆಂಡು ತರುತ್ತಾನೆ, ತಲೆಯೆತ್ತಿಯೂ ನೋಡದೆ ತಳ್ಳುತ್ತಾನೆ, ಇನ್ನೊಬ್ಬ ಅಲ್ಲಿ ಇದ್ದೇ ಇರುತ್ತಾನೆ. ಒಂದು ಮಾತಿಲ್ಲ, ಸನ್ನೆಯಿಲ್ಲ. ತಂಡಕ್ಕೆ ಎಲ್ಲ ಬಲ್ಲವರೇ ಬೇಕಿಲ್ಲ, ಒಬ್ಬರಿಗೊಬ್ಬರು ಒದಗುವವರು ಬೇಕು ಅಂತ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕಣ್ಣಿಂದ ಕಂಡದ್ದು ಅಂದೇ. ಒಬ್ಬನನ್ನು ನಡುವೆ, ಒಬ್ಬನನ್ನು ಮುಂದೆ ಹಾಕಿ ಇಬ್ಬರನ್ನೂ ಎ ತಂಡಕ್ಕೆ ತೆಗೆದುಕೊಂಡೆವು.

ಸುದ್ದಿ ಹೇಳುವಾಗ ಅವರ ಅವ್ವನನ್ನು ಕೇಳಿದೆ, "ಸಾಲ್ಯಾಗೂ ಹಿಂಗಽ ಮಾಡ್ತಾರೇನ್ರಿ?"

"ಮಾಡ್ತಿರಬೇಕ್ರಿ ಅಕ್ಕೋರ," ಅಂದರು ಆಯಮ್ಮ ನಿಟ್ಟುಸಿರುಬಿಟ್ಟು. "ಕನ್ನಡದಾಗ ಇಬ್ರೂ ಪಾಸು, ಇಂಗ್ಲೀಷಿನ್ಯಾಗ ಇಬ್ರೂ ಪಾಸು. ಗಣಿತದಾಗ ಇಬ್ರೂ ನಾಪಾಸು. ಮೂರನೇದಾಂವ ಒಬ್ಬಾಂವ ಹುಟ್ಟಬೇಕಾಗಿತ್ತು ನೋಡ್ರಿ."

ಹಿಂದಿನವರಿಗೆ ಕೊಡುವುದು

ಗೋಲು ಕಾಯುವ ಗೋಲಿ ಆಗಲು ಯಾವ ಮಗುವೂ ಒಪ್ಪುವುದಿಲ್ಲ. ಗೋಲು ಹೊಡೆದವನನ್ನು ಎಲ್ಲರೂ ಎತ್ತಿ ಕುಣಿಸುತ್ತಾರೆ, ಬಿಟ್ಟವನನ್ನು ಬೈಯುತ್ತಾರೆ. ಹಾಗಾಗಿ ಗೋಲಿಯ ಆಯ್ಕೆ ಅಂದರೆ ನಮಗೆ ಹೆಣ್ಣು ಹುಡುಕಲು ಹೊರಟ ಹಾಗೆ, ಮನೆಮನೆ ತಿರುಗಬೇಕು.

ಆ ಸಲ ಗೆಳತಿಯ ಜೊತೆ ಸುಮ್ಮನೆ ನೋಡಲು ಬಂದಿದ್ದ ಒಬ್ಬ ಹುಡುಗಿ ಗೆರೆಯಾಚೆ ನಿಂತಿದ್ದಳು. ದಾರಿ ತಪ್ಪಿ ಹಾರಿದ ಒಂದು ಚೆಂಡು ಅವಳ ಕಡೆ ಬಂತು. ಮಾತು ನಿಲ್ಲಿಸದೆಯೇ ಎರಡೂ ಕೈ ಚಾಚಿ ಹಿಡಿದು, ಹೊಟ್ಟೆಗೆ ಅವುಚಿಕೊಂಡು, ಮೆತ್ತಗೆ ನೆಲದ ಮೇಲಿಟ್ಟಳು. ಸುಭೇದಾರರ ಸೀಟಿ ಬಾಯಿಂದ ಜಾರಿತು.

ಗೋಲಿನಲ್ಲಿ ನಿಲ್ಲಿಸಿದೆವು. ಸುಭೇದಾರರೇ ಒದ್ದರು. ಹಿಡಿದಳು. ಮೇಲೆ ಒದ್ದರು, ಹಿಡಿದಳು. ಪಕ್ಕಕ್ಕೆ ಒದ್ದರು, ಎರಡು ಹೆಜ್ಜೆ ಸರಿದು, ಬೀಳದೆ, ಹಾರದೆ, ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದಳು. ಹಿಡಿದ ಮೇಲೆ ಏನು ಮಾಡಿದಳು ಗೊತ್ತೇ? ಗರಕ್ಕನೆ ಹಿಂದೆ ತಿರುಗಿ ಚೆಂಡನ್ನು ಗೋಲಿನೊಳಗೆ ಕೊಟ್ಟಳು. ಪ್ರತಿ ಸಲವೂ. ಒಂದೂ ಬಿಡಲಿಲ್ಲ, ಎಲ್ಲವೂ ಗೋಲು.

"ಯಾಕವಾ ಹಂಗ ಹಿಂದ ಇಡಾಕತ್ತಿ?"

"ಹಿಡದ ಮ್ಯಾಲ ಹಿಂದಿನಾವ್ರಿಗಿ ಕೊಡಬೇಕಲ್ರಿ?"

"ಹಿಂದ ಯಾರ ಅದಾರ?"

ಅವಳು ತಿರುಗಿ ನೋಡಿ, "ಅದಽ ನನಗೂ ತಿಳೀವಲ್ತ್ರಿ. ಬರೇ ಬಲಿ ಐತಿ," ಅಂದಳು.

ಅವಳ ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲರು. ಬೇಸಿಗೆಯಲ್ಲಿ ಕಲ್ಲಂಗಡಿ ಲಾರಿ ಬಂದಾಗ ಮನೆ ಮಂದಿಯೆಲ್ಲ ಸಾಲಾಗಿ ನಿಲ್ಲುತ್ತಾರಂತೆ. ಮೇಲಿನವರು ಎಸೆಯುತ್ತಾರೆ, ಹಿಡಿದು ಹಿಂದಿನವರಿಗೆ ಕೊಡಬೇಕು. ಕೈ ಜಾರಿದರೆ ಹಣ್ಣು ಒಡೆಯಿತು. ರಜೆಯ ದಿನವೆಲ್ಲ ಅವಳಿಗೆ ಅದೇ ಆಟ.

ಹಿಡಿಯುವುದನ್ನು ಕಲಿಸಬೇಕಾಗಲಿಲ್ಲ. ತಿರುಗುವುದನ್ನು ಬಿಡಿಸುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಸುಭೇದಾರರು ಅವಳ ಅಪ್ಪನನ್ನೇ ಕರೆಸಿ ಮೈದಾನದ ನಡುವೆ ನಿಲ್ಲಿಸಿದರು. "ಚೆಂಡು ಹಿಡದಿ ಅಂದ್ರ ಅಪ್ಪಗ ಒಗೀಬೇಕು, ತಿಳೀತಿಲ್ಲೋ?" ತಿಳಿಯಿತು. ಅಷ್ಟು ದೂರಕ್ಕೆ ಅವಳು ಎಸೆದ ರೀತಿ ನೋಡಿ ಆ ವರ್ಷ ಹೊರಗಿನಿಂದ ಬಂದ ಆಟಗಾರರು ಕುರ್ಚಿ ಬಿಟ್ಟು ಎದ್ದರು. ಎ ತಂಡದ ಗೋಲಿ ಅವಳೇ ಅಂತ ಅಲ್ಲೇ ತೀರ್ಮಾನವಾಯಿತು.

ಮೊದಲ ಪಂದ್ಯದ ದಿನ ಅಪ್ಪ ಮೈದಾನದ ನಡುವೆ ನಿಲ್ಲುವಂತಿಲ್ಲವಲ್ಲ, ಬೇವಿನ ಗಿಡದ ಕೆಳಗೆ ಬಂದು ನಿಂತರು. ಎದುರು ತಂಡದವರು ಒದ್ದರು. ಹುಡುಗಿ ಹಿಡಿದಳು. ಅಪ್ಪನನ್ನು ಕಣ್ಣಿಂದ ಹುಡುಕಿದಳು, ಎಸೆದಳು. ಅಪ್ಪನೂ ರೂಢಿಯಂತೆ ಹಿಡಿದು ಪಕ್ಕದವರ ಕೈಗೆ ಕೊಟ್ಟರು. ಅವರು ಚಹಾದವನ ಕೈಗೆ, ಚಹಾದವ ಹಿಂದಿನ ಅಜ್ಜಿಯ ಕೈಗೆ. ಅಜ್ಜಿ ಚೆಂಡನ್ನು ಬೇವಿನ ಬೊಡ್ಡೆಗೆ ಆನಿಸಿ ನೀಟಾಗಿ ಇಟ್ಟರು.

ಸುಭೇದಾರರು ಕೂಗಿದರು: "ಲಾರಿ ಖಾಲಿ ಆತೇನ್ರಿ? ಆಗಿದ್ರ ಚೆಂಡು ಕೊಡ್ರಿ, ಆಟ ಆಡೂಣು!"

ಹೂಲಿಯ ಪೈಲ್ವಾನರು

ಹೂಲಿಯಿಂದ ಬಂದ ಅಜ್ಜಾರೊಬ್ಬರು ಒಂದು ಕಾಲದ ದೊಡ್ಡ ಪೈಲ್ವಾನರು. ಕಿವಿ ಕುಸ್ತಿಯಲ್ಲಿ ಮುದುಡಿದ್ದು ಹಾಗೆಯೇ ಇದೆ. ಮೊಮ್ಮಗನನ್ನೂ ಮಣ್ಣಿಗಿಳಿಸಿ ಸಾಮು ಮಾಡಿಸಿದ್ದರು. ಹುಡುಗನಿಗೆ ಮಾತ್ರ ಫುಟ್‌ಬಾಲಿನ ಹುಚ್ಚು ಹಿಡಿದಿತ್ತು.

"ಅಜ್ಜಾರ, ಇಲ್ಲಿ ಪಾಲಕರು ಬಾಯಿ ಹಾಕೂಹಂಗಿಲ್ರಿ," ಅಂತ ನಾನು ಮೊದಲೇ ಹೇಳಿದೆ.

"ತುಟಿ ಪಿಟಕ್ ಅನ್ನೂದಿಲ್ಲವಾ," ಅಂದರು. ಕೊಟ್ಟ ಮಾತು ಉಳಿಸಿಕೊಳ್ಳುವ ಮನುಷ್ಯ. ಇಡೀ ಆಟದಲ್ಲಿ ಒಂದಕ್ಷರ ಆಡಲಿಲ್ಲ. ಮೊಮ್ಮಗನೂ ಚಲೋ ಆಡುತ್ತಿದ್ದ. ಎದುರಿನವರಲ್ಲಿ ಒಬ್ಬ ಚುರುಕು ಹುಡುಗ ಚೆಂಡು ತಂದು ಇವನೆದುರು ಬಂದಾಗ ಅಜ್ಜಾರಿಗೆ ತಡೆಯಲಾಗಲಿಲ್ಲ. ಬಾಯಿ ಬಿಡಲಿಲ್ಲ, ನಿಜ. ತೊಡೆ ತಟ್ಟಿದರು.

ಫಟ್ ಅಂತ ಸಪ್ಪಳ ಕೇಳಿದ್ದೇ ತಡ, ಮೊಮ್ಮಗ ಬಗ್ಗಿ ಆ ಹುಡುಗನ ನಡ ಹಿಡಿದು ಎತ್ತಿದ. ತುಂಬಿದ ಕೊಡ ಎತ್ತಿದ ಹಾಗೆ, ಒಂದು ಹನಿ ತುಳುಕದಂತೆ. ಹೊತ್ತುಕೊಂಡು ಗೆರೆಯ ಹೊರಗೆ ನಡೆದು, ಮೆಲ್ಲಗೆ ಇಳಿಸಿ, ಅವನ ಅಂಗಿಯ ಮಡಿಕೆ ಸರಿಮಾಡಿ, ಓಡಿ ಬಂದು ಚೆಂಡು ತೆಗೆದುಕೊಂಡ. ನಿಯಮದ ಪ್ರಕಾರ ಇದು ದೊಡ್ಡ ತಪ್ಪು. ಆದರೆ ಅಷ್ಟು ಮರ್ಯಾದೆಯಿಂದ ಮಾಡಿದ ತಪ್ಪನ್ನು ನಾನು ಇನ್ನೂ ನೋಡಿಲ್ಲ.

ಸುಭೇದಾರರು ಓಡಿ ಹೋಗಿ ಎತ್ತಿಸಿಕೊಂಡ ಹುಡುಗನನ್ನು ಕೇಳಿದರು, "ಏನಾರ ಆತೇನೋ ತಮ್ಮಾ? ಪೆಟ್ಟಾತೇನು?"

ಆ ಹುಡುಗ ಅಜ್ಜಾರ ಕಡೆ ತಿರುಗಿ, "ಅಜ್ಜಾ, ಇನ್ನೊಮ್ಮಿ ತೊಡಿ ತಟ್ರಿ!" ಅಂದ.

ಎರಡು ನದಿ

ಬಿ ತಂಡ ಅಂದರೆ ಮಕ್ಕಳ ಮುಖ ಬಾಡುತ್ತದೆ. ಎ ತಂಡಕ್ಕಿಂತ ಕಡಿಮೆ ಅಲ್ಲ, ಇನ್ನಷ್ಟು ಕಲಿತು ಮುಂದಿನ ವರ್ಷ ಮೇಲೆ ಹೋಗಬಹುದು, ಬಿ ತಂಡದಲ್ಲಿದ್ದರೆ ಆಡಲು ಹೆಚ್ಚು ಹೊತ್ತು ಸಿಗುತ್ತದೆ, ಎಲ್ಲ ಹೇಳಿ ನೋಡಿದ್ದೇವೆ. ಒಬ್ಬ ಹುಡುಗ ನನ್ನ ಮಾತೆಲ್ಲ ಕೇಳಿ, "ಅಷ್ಟ ಚಲೋ ಇದ್ರ ನಿಮ್ಮ ಮಗನ್ನ ಹಾಕ್ರಿ ಅಕ್ಕೋರ" ಅಂದಿದ್ದ.

ಅದಕ್ಕೆ ನಾನೇ ಒಂದು ಉಪಾಯ ಹೇಳಿದೆ. ಎ, ಬಿ ಬೇಡ, ನದಿಗಳ ಹೆಸರಿಡೋಣ. ಎ ತಂಡಕ್ಕೆ ಘಟಪ್ರಭಾ, ಬಿ ತಂಡಕ್ಕೆ ಮಲಪ್ರಭಾ. ಯಾವುದು ಮೇಲೆ, ಯಾವುದು ಕೆಳಗೆ ಯಾರಿಗೆ ಗೊತ್ತಾಗುತ್ತದೆ? ಸುಭೇದಾರರು ನನ್ನ ಬುದ್ಧಿ ಮೆಚ್ಚಿ ಚಹಾ ತರಿಸಿದರು.

ಹೆಸರು ಓದಿ ಇನ್ನೂ ಚಹಾ ಆರಿರಲಿಲ್ಲ. ಸವದತ್ತಿಯ ಒಬ್ಬ ತಂದೆ ನನ್ನ ಮುಂದೆ ಬಂದು ನಿಂತರು. ಅವರ ಮಗ ಎ ತಂಡದಲ್ಲಿ ಎಲ್ಲರಿಗಿಂತ ಮೇಲಿದ್ದವನು.

"ಅಕ್ಕೋರ, ನಮ್ಮ ಹುಡುಗ ಏನ ತಪ್ಪ ಮಾಡ್ಯಾನ್ರಿ?"

"ಏನೂ ಇಲ್ರಿ, ಛಂದ ಆಡ್ಯಾನ."

"ಮತ್ತ ಯಾಕ ಘಟಪ್ರಭಾಕ್ಕ ಹಾಕೀರಿ? ನಾವೇನು ಗೋಕಾಕದಾವ್ರೇನ್ರಿ? ಮಲಪ್ರಭಾ ಡ್ಯಾಮ್ ನಮ್ಮೂರಾಗ ಐತಿ. ಹುಟ್ಟಿದಾಗಿಂದ ಮಲಪ್ರಭಾ ನೀರ ಕುಡದಾನ. ಆ ತಂಡಕ್ಕಽ ಹಾಕ್ರಿ."

ಅವರ ಹಿಂದೆಯೇ ರಾಮದುರ್ಗದವರು. "ಹೊಳಿ ನಮ್ಮ ಊರ ಮಗ್ಗಲಾ ಹರೀತೈತ್ರಿ ಅಕ್ಕೋರ!" ನೋಡನೋಡುತ್ತಿದ್ದಂತೆ ಎ ತಂಡಕ್ಕೆ ಆಯ್ಕೆಯಾದ ಮಕ್ಕಳ ಪಾಲಕರೆಲ್ಲ ನನ್ನ ಸುತ್ತ ನಿಂತು ಮಗನನ್ನು ಬಿ ತಂಡಕ್ಕೆ ಇಳಿಸಿ ಎಂದು ಜಗಳಾಡುತ್ತಿದ್ದರು. ಬಿ ತಂಡದವರು ಎದೆ ಉಬ್ಬಿಸಿಕೊಂಡು ದೂರದಿಂದ ನೋಡುತ್ತಿದ್ದರು. ಗುಟ್ಟು ಒಡೆದು ಹೇಳುವಂತಿಲ್ಲ. ಹೇಳಿದರೆ ಬಿ ತಂಡದವರ ಮುಖ ಏನಾಗಬೇಕು!

ಇನ್ನೂ ಆಶ್ಚರ್ಯ ಆದದ್ದು ಮುಂದಿನ ವಾರ. ಎರಡೂ ತಂಡಗಳನ್ನು ಸುಮ್ಮನೆ ಅಭ್ಯಾಸಕ್ಕೆ ಆಡಿಸಿದರೆ ಬಿ ತಂಡದವರು ಎ ತಂಡವನ್ನು ಸೋಲಿಸಿಬಿಟ್ಟರು. ಮೇಲಿನವರು ತಾವೇ ಎಂದು ನಂಬಿ ಆಡಿದ ಮಕ್ಕಳು ನಿಜಕ್ಕೂ ಮೇಲಿನವರ ಹಾಗೆಯೇ ಓಡಿದರು. ಒಂದು ಹೆಸರು ಮಕ್ಕಳ ಕಾಲಿಗೆ ಇಷ್ಟು ಕಸುವು ತುಂಬುತ್ತದೆ ಅಂತ ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸೋತ ತಂಡದ ನಾಯಕ ಬೆವರು ಒರೆಸುತ್ತ ಬಂದ. "ನಾವು ಸೋಲಲಾರದ ಏನ್ ಮಾಡೂದ್ರಿ ಸರ್? ಅವರ ಡ್ಯಾಮ್ ತುಂಬೇತಿ, ನಮ್ಮದಿನ್ನೂ ತುಂಬಿಲ್ಲ."

ಸುಮ್ಮನೆ ನಿಂತರೆ ಸಾಕು

ಇದು ಹೋದ ವರ್ಷದ್ದು. ಹದಿನಾಲ್ಕರ ಒಳಗಿನ ಹುಡುಗಿಯರ ಎ ತಂಡದ ಆಯ್ಕೆ. ರಾಮದುರ್ಗದ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿದ್ದರು. ಮನೆಯಲ್ಲಿ ಮಗ್ಗ, ನೇಯ್ಗೆಯ ಕೆಲಸ. ಮಗಳು ಹಿಂದೆ ಎರಡು ವರ್ಷ ಪ್ರಯತ್ನಪಟ್ಟು ಆಗಿರಲಿಲ್ಲ. ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ವರ್ಷ.

ತಾಯಿ ನನ್ನನ್ನು ಬದಿಗೆ ಕರೆದು ಹೇಳಿದರು, "ಈ ಸಲಾನೂ ಆಗಲಿಲ್ಲಂದ್ರ ಆಟಾ ಬಿಟ್ಟಬಿಡ್ತೇನಿ ಅಂತ ಕುಂತಾಳ್ರಿ ಅಕ್ಕೋರ. ರಾತ್ರಿ ಚೆಂಡು ಮಗ್ಗಲಾಗಿಟಗೊಂಡು ಮಲಗೂ ಹುಡಿಗಿರಿ ಆಕಿ."

"ಆಡ್ಲಿ ನೋಡೂಣ್ರಿ," ಅಂದೆ. ಬೇರೆ ಏನೂ ಹೇಳುವಂತಿರಲಿಲ್ಲ. ಆಯ್ಕೆಯಾಗದ ಮಕ್ಕಳನ್ನು ನಾವು ಒಬ್ಬೊಬ್ಬರನ್ನೇ ಬದಿಗೆ ಕರೆದು ಮಾತಾಡಿಸುತ್ತೇವೆ. ಹಿಂದೆ ಎರಡು ಸಲವೂ ಅವಳನ್ನು ಬದಿಗೆ ಕರೆದವಳು ನಾನೇ.

ಅಂದು ಕೊನೆಯ ಸುತ್ತು. ಕಸರತ್ತಿನಲ್ಲಿ ಪಾಸಾದವರನ್ನಷ್ಟೇ ಕರೆದಿದ್ದೆವು, ಇನ್ನು ಆಟದ ಅಂಕದ ಮೇಲೆಯೇ ತೀರ್ಮಾನ. ಆಟ ಶುರುಮಾಡಬೇಕು ಅನ್ನುವಾಗ ಒಬ್ಬ ಹುಡುಗಿಗೆ ಜ್ವರ ಬಂದು ಬರಲಿಲ್ಲವೆಂದು ಗೊತ್ತಾಯಿತು. ಒಂದು ಕಡೆ ಒಬ್ಬರು ಕಡಿಮೆ. ಸುಭೇದಾರರು ಬೇವಿನ ಗಿಡದ ಕಡೆ ತಿರುಗಿ, "ಯಾರಾರ ಒಬ್ರು ಬರ್ರಿ. ಓಡೂದು ಬ್ಯಾಡ, ಸುಮ್ಮನ ನಿಂತ್ರ ಸಾಕು," ಅಂದರು.

ತಾಯಂದಿರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ರಾಮದುರ್ಗದ ತಾಯಿ ಬುತ್ತಿಯ ಚೀಲ ಪಕ್ಕದವರಿಗೆ ಕೊಟ್ಟರು. ಚಪ್ಪಲಿ ಬಿಟ್ಟರು. ಸೀರೆ ಎತ್ತಿ ಕಚ್ಚೆ ಹಾಕಿ, ಉಳಿದಿದ್ದ ಒಂದು ನಂಬರಿನ ಮೇಲಂಗಿ ತೊಟ್ಟು ಬಂದು ನಿಂತರು. ನಿಂತದ್ದು ಮಗಳ ಎದುರು ತಂಡದಲ್ಲಿ.

"ಸುಮ್ಮನ ನಿಂದ್ರೂದ ಹೌದಲ್ರಿ?"

"ಹೌದು, ಸುಮ್ಮನ ನಿಂದ್ರೂದು."

ಸೀಟಿ ಆಯಿತು. ಮೊದಲ ಚೆಂಡು ಹತ್ತಿರ ಬರುವ ತನಕ ಆಕೆ ಸುಮ್ಮನೆಯೇ ನಿಂತಿದ್ದರು. ಚೆಂಡು ತಂದ ಹುಡುಗಿ ಪಕ್ಕದಿಂದ ನುಸುಳಲು ನೋಡಿದಳು. ಆಯಮ್ಮ ಬಗ್ಗಿದ್ದು ಕಂಡಿತು, ಆಮೇಲೆ ಚೆಂಡು ಅವರ ಹತ್ತಿರ ಇತ್ತು. ನಡುವೆ ಏನಾಯಿತೆಂದು ನನಗೂ ಕಾಣಲಿಲ್ಲ. ಇನ್ನೊಬ್ಬಳು ಬಂದಳು, ಅವಳದೂ ಹೋಯಿತು. ಮಗಳೇ ಬಂದಳು, ಅವಳದೂ.

"ಅವ್ವಾ, ನನಗರ ಬಿಡು!"

"ಆಟದಾಗ ಅವ್ವ ಗಿವ್ವ ಇಲ್ಲ, ಓಡು!"

ಶಾಲೆಯಲ್ಲಿದ್ದಾಗ ಖೋ-ಖೋ ಆಡುತ್ತಿದ್ದರಂತೆ. ಮದುವೆಯಾದ ಮೇಲೆ ಮೈದಾನಕ್ಕೆ ಕಾಲಿಟ್ಟಿದ್ದು ಅಂದೇ. ಇಷ್ಟು ವರ್ಷ ಆ ವೇಗ ಎಲ್ಲಿ ಕೂತಿತ್ತು? ಬಾಗುವುದು, ತಿರುಗುವುದು, ಮುಂದಿನವಳ ಹೆಜ್ಜೆ ಬೀಳುವ ಮೊದಲೇ ಅಲ್ಲಿ ಹೋಗಿ ನಿಲ್ಲುವುದು. ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಗಸರೆಲ್ಲ ಎದ್ದು ನಿಂತಿದ್ದರು, ಒಬ್ಬರೂ ನಗುತ್ತಿರಲಿಲ್ಲ. ಸುಭೇದಾರರು ಅರ್ಧ ಆಟಕ್ಕೆ ಸೀಟಿ ಊದುವುದನ್ನೇ ಮರೆತರು. ಮಗಳೂ ಒಮ್ಮೆ ಹಟ ಹಿಡಿದು, ಅವ್ವ ಎಡಕ್ಕೆ ಬಾಗಿದ್ದು ನೋಡಿ ಬಲಕ್ಕೆ ಚೆಂಡು ಜಾರಿಸಿ, ದಾಟಿ ಹೋಗಿ ಗೋಲು ಹೊಡೆದಳು. ಇಡೀ ದಿನ ಆಯಮ್ಮನನ್ನು ದಾಟಿದವಳು ಅವಳೊಬ್ಬಳೇ.

ಅಂಕ ಕೂಡಿಸಲು ನಮ್ಮ ಶಾಲೆಯ ಗುಮಾಸ್ತರಿಗೆ ಕೊಟ್ಟೆವು. ಅವರು ಆಟ ನೋಡಿರಲಿಲ್ಲ, ನಂಬರು ನೋಡಿ ಕೂಡಿಸಿ ಕೊಟ್ಟರು. ಸುಭೇದಾರರು ಎಲ್ಲರ ಮುಂದೆ ಓದತೊಡಗಿದರು. ಎಲ್ಲಕ್ಕಿಂತ ಮೇಲಿದ್ದ ನಂಬರ್ ಓದಿದರು. ಯಾವ ಹುಡುಗಿಯೂ ಏಳಲಿಲ್ಲ. ಮತ್ತೊಮ್ಮೆ ಜೋರಾಗಿ ಓದಿದರು.

ಗಿಡದ ಕೆಳಗೆ ರೊಟ್ಟಿಯ ತುಣುಕು ಹಿಡಿದ ಒಂದು ಕೈ ಮೇಲೆದ್ದಿತು. "ನಂದ ಕಾಣತೈತಲ್ರಿ ಈ ನಂಬರ್?" ಮೇಲಂಗಿ ಬಿಚ್ಚುವುದನ್ನು ಮರೆತು ಊಟಕ್ಕೆ ಕೂತಿದ್ದರು.

ನಾನು ಆ ನಂಬರಿಗೆ ಏನೂ ಬರೆದಿರಲಿಲ್ಲ. ಸುಭೇದಾರರ ಕಡೆ ನೋಡಿದೆ. ಅವರು ಮೀಸೆಯಲ್ಲೇ ಗೊಣಗುತ್ತ, "ನಾ ಬರೀಬಾರದಂತಽ ಇದ್ನಿ, ಕೈ ಕೇಳಲಿಲ್ರಿ," ಅಂದರು. ಆ ವರ್ಷ ಅಂಕ ಹಾಕಲು ಬೆಳಗಾವಿಯಿಂದ ಬಂದಿದ್ದ ಹಳೆಯ ಆಟಗಾರ್ತಿಯ ಕಡೆ ನೋಡಿದೆ. ಅವರಂತೂ ಪೂರ್ತಿ ಅಂಕ ಕೊಟ್ಟಿದ್ದರು. "ಚಲೋ ಆಡಿದಾವ್ರಿಗೆ ಕೊಡ್ರಿ ಅಂದ್ರಿ, ಕೊಟ್ಟೆ. ವಯಸ್ಸು ನೋಡೂದು ನಿಮ್ಮ ಕೆಲಸ."

ಇಬ್ಬರ ಅಂಕದಲ್ಲೇ ಆಯಮ್ಮ ಮೂವರ ಅಂಕ ಪಡೆದವರನ್ನೆಲ್ಲ ಹಿಂದೆ ಹಾಕಿದ್ದರು. ಅವರ ನಂಬರ್ ಹೊಡೆದುಹಾಕಲೇಬೇಕಾಯಿತು. ಹೊಡೆದುಹಾಕಿದರೆ ತಂಡದಲ್ಲಿ ಒಂದು ಜಾಗ ಖಾಲಿ. ಅದು ಆಯ್ಕೆಯಾದವರ ನಂತರ ಅತಿ ಹೆಚ್ಚು ಅಂಕ ಪಡೆದವರಿಗೆ ಹೋಗಬೇಕು. ಸುಭೇದಾರರು ಕನ್ನಡಕ ಸರಿಮಾಡಿಕೊಂಡು ಆ ನಂಬರ್ ಓದಿದರು.

ಮಗಳದು.

ಹುಡುಗಿ ಕುಣಿಯಲಿಲ್ಲ, ಅಳಲಿಲ್ಲ. ಅವ್ವನ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನನ್ನ ಜಾಗಾ ಹಿಡಕೊಂಡು ಕುಂತಿದ್ದಿ ಹೌದಲ್ಲ ನೀನು?" ಆಮೇಲೆ ಅವ್ವನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಆಯಮ್ಮ ರೊಟ್ಟಿಯ ಕೈಯನ್ನು ಎತ್ತರಕ್ಕೆ ಹಿಡಿದು, ಇನ್ನೊಂದು ಕೈಯಿಂದ ಅವಳ ತಲೆ ನೇವರಿಸಿದರು. ನನ್ನ ಕಣ್ಣು ಮಂಜಾಯಿತು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮನೆಯಿಂದ ಯಜಮಾನರು. ಕೈ ಎಂಜಲಿದ್ದುದರಿಂದ ಪಕ್ಕದವರು ಸ್ಪೀಕರ್ ಹಚ್ಚಿ ಹಿಡಿದರು. ಗಿಡದ ಬುಡದವರೆಲ್ಲ ಕಿವಿಗೊಟ್ಟು ಕೂತರು.

"ಏನಾತು? ಆದ್ಲೇನು ನಮ್ಮ ಹುಡಿಗಿ?"

"ಆದ್ಲ್ರಿ. ಮೊದಲ ನಾ ಆಗಿದ್ನಿ. ನನ್ನ ತಗದು ಆಕಿನ್ನ ತಗೊಂಡ್ರು."

ಆ ಕಡೆ ಮಗ್ಗದ ಸಪ್ಪಳ ಕೇಳುತ್ತಿತ್ತು. ಅದು ಗಕ್ಕನೆ ನಿಂತಿತು.

"ನಿನ್ನ ಯಾಕ ತಗದ್ರು? ಚಲೋ ಆಡಲಿಲ್ಲೇನು?"

"ಆಡಿದ್ನಿರಿ. ವಯಸ್ಸು ಹೆಚ್ಚಾತಂತ."

"ಎಷ್ಟ ಹೆಚ್ಚಾತು?"

"ಒಂದ ಇಪ್ಪತ್ತ ಇಪ್ಪತ್ತೆರಡ ವರ್ಷ."

"ಅಷ್ಟಕ್ಕಽ ತಗದ್ರಾ? ಕೊಡು ಫೋನು ಆ ಅಕ್ಕೋರ ಕೈಯಾಗ, ನಾ ಮಾತಾಡ್ತೇನಿ!"